ಮಡಚಿಟ್ಟ ತುದಿ

"ಮೇಡಂ, ಇಳಿದು ಬನ್ನಿ! ನಾಲ್ಕು ಗಂಟೆಗೆ ಪೊಲೀಸರು ಬರ್ತಾರೆ!"

ಕೆಳಗಿನಿಂದ ಸೈಟ್ ಮ್ಯಾನೇಜರ್ ವಾಕಿಟಾಕಿಯಲ್ಲಿ ಕೂಗುತ್ತಿದ್ದ. ವಾಕಿಟಾಕಿ ಇರುವುದೇ ಕೂಗದೆ ಮಾತಾಡಲಿಕ್ಕೆ ಎಂದು ಅವನಿಗೆ ಇಷ್ಟು ವರ್ಷ ಯಾರೂ ಹೇಳಿಕೊಟ್ಟಂತಿರಲಿಲ್ಲ.

ನಾನು ನೆಲದಿಂದ ನಲವತ್ತೆಂಟು ಮೀಟರ್ ಮೇಲೆ, ಟವರ್ ಕ್ರೇನಿನ ಕ್ಯಾಬಿನ್ ಹಿಂದೆ, ಸೊಂಟದ ಬೆಲ್ಟನ್ನು ಕಂಬಿಗೆ ಸಿಕ್ಕಿಸಿ ನಿಂತಿದ್ದೆ. ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿ ಸಿಳ್ಳೆ ಹೊಡೆಯುತ್ತಿತ್ತು. ವಾಚು ನೋಡಿದೆ. ಎರಡು ಗಂಟೆ ಐದು ನಿಮಿಷ. ಒಂದು ನಿಮಿಷದ ಹಿಂದೆಯೂ ನೋಡಿದ್ದೆ.

"ಕೂಗಬೇಡಿ, ಕೇಳಿಸ್ತಿದೆ," ಎಂದೆ.

"ಸ್ವಿಚ್ಚಿಗೆ ತಂತಿ ಕಟ್ಟಿರೋದು ನೋಡಿದ್ರಲ್ಲ? ಇನ್ನೇನಿದೆ ಅಲ್ಲಿ ನೋಡೋಕೆ? ಆಪರೇಟರ್ ಕಟ್ಟಿದಾನೆ. ಅಷ್ಟು ಬರೆದು ನಿಮ್ಮ ಸಹಿ ಒಂದು ಬಿದ್ರೆ ಮುಗೀತು."

ಮೂರು ದಿನದ ಹಿಂದೆ ಇದೇ ಕ್ರೇನಿನ ತೋಳು ಬಾಗಿ, ಅದು ಎತ್ತಿದ್ದ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಮೆಟ್ಟಿಲುಸಾಲು ಕಳಚಿ ಬಿದ್ದು, ಕೆಳಗೆ ನಿಂತು ಸನ್ನೆ ಕೊಡುತ್ತಿದ್ದವನು ಸತ್ತಿದ್ದ. ಮೇಲೆ ಕೂತು ಕ್ರೇನ್ ನಡೆಸುತ್ತಿದ್ದವನು ಅವನ ಸ್ವಂತ ಅಣ್ಣ.

ನನ್ನ ಕೆಲಸ ಕ್ರೇನು, ಹಾಯ್ಸ್ಟು, ಪಂಪು, ಮಿಕ್ಸರ್. ಕಟ್ಟಡ ಕಟ್ಟುವವರಿಗೆ ಕಟ್ಟಡ ಕಾಣುತ್ತದೆ, ನನಗೆ ಅದನ್ನು ಎತ್ತಿದ ಯಂತ್ರಗಳು ಕಾಣುತ್ತವೆ. ಇಪ್ಪತ್ತಾರು ವರ್ಷದಿಂದ ಇದೇ ಗ್ರೀಸು, ಇದೇ ಏಣಿ. ಯಂತ್ರಗಳ ವಿಭಾಗಕ್ಕೆ ನಮ್ಮಲ್ಲಿ ಪ್ಲಾಂಟ್ ಎನ್ನುತ್ತಾರೆ, ಹಾಗಾಗಿ ಕಂಪನಿಯಲ್ಲಿ ನನಗೆ 'ಪ್ಲಾಂಟ್ ಮೇಡಂ' ಎಂದೇ ಹೆಸರು. ಕೇಳಿದವರು ನಾನು ಹೂಗಿಡ ಬೆಳೆಸುತ್ತೇನೆ ಎಂದುಕೊಳ್ಳುತ್ತಾರೆ. ಅಪಘಾತದ ತನಿಖೆಗೆ ನನ್ನನ್ನೇ ಕಳಿಸಬೇಕು ಎಂದು ಈ ಮ್ಯಾನೇಜರ್ ಹೆಡ್ ಆಫೀಸಿಗೆ ಮೂರು ಸಲ ಫೋನ್ ಮಾಡಿದ್ದನಂತೆ. ಅವನಿಗೂ ನನಗೂ ಹಾವು ಮುಂಗುಸಿ ಸಂಬಂಧ. ಆ ಪ್ರೀತಿ ಎಲ್ಲಿಂದ ಉಕ್ಕಿತೋ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಿದ್ದೆ.

ಕ್ರೇನಿಗೆ ನಾನೇನೂ ಹೊಸಬಳಲ್ಲ. ಹನ್ನೊಂದು ತಿಂಗಳ ಹಿಂದೆ ಇದನ್ನು ಇಲ್ಲಿ ನಿಲ್ಲಿಸಿದಾಗ ಭಾರ ತೂಗಿ ಪರೀಕ್ಷೆ ಮಾಡಿ, ಸರ್ಟಿಫಿಕೇಟಿಗೆ ಸಹಿ ಹಾಕಿದವಳು ನಾನೇ.

ಸ್ವಿಚ್ಚಿನ ಪೆಟ್ಟಿಗೆಯ ಮುಚ್ಚಳ ತೆಗೆದು ಮತ್ತೆ ಬಗ್ಗಿದೆ. ಎತ್ತುವ ಭಾರ ಮಿತಿ ಮೀರಿದರೆ ಇದರೊಳಗಿನ ಸ್ವಿಚ್ಚು ಮೋಟಾರನ್ನು ನಿಲ್ಲಿಸಿಬಿಡಬೇಕು. ಆಮೇಲೆ ಕ್ರೇನು ಇಳಿಸುತ್ತದೆಯೇ ಹೊರತು ಎತ್ತುವುದಿಲ್ಲ. ಆ ಸ್ವಿಚ್ಚಿನ ನಾಲಿಗೆ ಮಿಸುಕದಂತೆ ಯಾರೋ ತಂತಿಯಿಂದ ಬಿಗಿದು ಕಟ್ಟಿದ್ದರು. ಮೆಟ್ಟಿಲಿನ ತುಂಡುಗಳನ್ನು ಬೆಳಿಗ್ಗೆ ನಾನೇ ಟೇಪು ಹಿಡಿದು ಅಳೆದು ತೂಕ ಲೆಕ್ಕ ಹಾಕಿದ್ದೆ. ತೋಳಿನ ತುದಿಯಲ್ಲಿ ಮೂರು ಟನ್ ದಾಟಬಾರದು. ಮೆಟ್ಟಿಲು ನಾಲ್ಕೂವರೆ ಇತ್ತು.

ತಂತಿ ನೋಡಿದೆ. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಆಗಿದ್ದರೆ ಸೈಟಿನ ಯಾರು ಬೇಕಾದರೂ ಕಟ್ಟಿರಬಹುದಿತ್ತು. ಇದು ತುಕ್ಕು ಹಿಡಿಯದ ಬಿಳಿ ಲಾಕ್ ವೈರ್. ಅಲುಗಾಟಕ್ಕೆ ಬೋಲ್ಟು ಸಡಿಲವಾಗದಿರಲೆಂದು ಮೆಕ್ಯಾನಿಕ್‌ಗಳು ಕಟ್ಟುವಂಥದು. ಎರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು, ಜಡೆಯ ಹಾಗೆ ಒಂದೇ ಸಮ ತಿರುಚಿದ್ದರು. ಕೊನೆಯಲ್ಲಿ ತುದಿಯನ್ನು ಒಳಕ್ಕೆ ಮಡಚಿ ಒತ್ತಿದ್ದರು.

ಆ ಮಡಚಿದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಹಾಗೆ ಮಡಚುವುದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕಲಿಸಿದವರು ಒಬ್ಬರೇ, ಈ ಸೈಟಿನ ಹಿರಿಯ ಫೋರ್ಮನ್. ಎಲ್ಲರಿಗೂ ಅವರು ದೊಡ್ಡಪ್ಪ. "ಇವತ್ತು ನೀನು ಕಟ್ಟಿದ್ದನ್ನ ನಾಳೆ ಇನ್ನೊಬ್ಬ ಬಿಚ್ತಾನೆ. ಅವನ ಕೈಗೆ ಚುಚ್ಚಬಾರದು," ಎನ್ನುತ್ತಿದ್ದರು. ಕೆಟ್ಟ ಕೆಲಸ ಮಾಡುವಾಗಲೂ ಮುಂದಿನವನ ಬೆರಳಿನ ಯೋಚನೆ ಬಿಡದಿದ್ದವನು ಆಪರೇಟರ್ ಅಲ್ಲ, ಮೆಕ್ಯಾನಿಕ್. ಅದೂ ದೊಡ್ಡಪ್ಪನ ಗರಡಿಯವನು.

ತಂತಿಯನ್ನು ಉಗುರಿನಿಂದ ಒಂದಿಷ್ಟು ಸರಿಸಿದೆ. ಸುತ್ತಲಿನ ಹಳದಿ ಬಣ್ಣ ಮಾಸಿತ್ತು. ತಂತಿಯ ಕೆಳಗಿನ ಗೆರೆ ಮಾತ್ರ ಹೊಸದಾಗಿ ಬಳಿದಂತೆ ಹೊಳೆಯಿತು. ಅಂದರೆ ಇದು ಮೊನ್ನೆ ಮೊನ್ನೆ ಕಟ್ಟಿದ್ದಲ್ಲ. ತಿಂಗಳುಗಳೇ ಆಗಿವೆ.

ಫೋಟೋ ತೆಗೆದುಕೊಂಡು, ಮುಚ್ಚಳ ಹಾಕಿ, ಏಣಿ ಇಳಿಯತೊಡಗಿದೆ. ಮೊಣಕಾಲು ಒಂದೊಂದು ಮೆಟ್ಟಿಲಿಗೂ ಶಾಪ ಹಾಕುತ್ತಿತ್ತು.

* * *

ಕೆಳಗೆ ಮ್ಯಾನೇಜರ್ ಟೈಪು ಮಾಡಿದ ವರದಿಯನ್ನು ಫೈಲಿನಲ್ಲಿಟ್ಟುಕೊಂಡೇ ಕಾಯುತ್ತಿದ್ದ. ನಾನು ಬರೆಯಬೇಕಾದ ವರದಿಯನ್ನು ನನಗಿಂತ ಮೊದಲು ಅವನೇ ಬರೆಸಿಟ್ಟಿದ್ದ. ಉಪಕಾರ!

ಪೆನ್ನನ್ನು ನನ್ನ ಎಡಗಡೆಯಿಂದ ಚಾಚಿದ. "ನಿಮಗೆ ಈ ಕಡೆಯಿಂದ ಕೊಟ್ರೆ ಅನುಕೂಲ ಅಲ್ವಾ?" ಎಂದು ನಕ್ಕ.

"ಗುರುತಿಟ್ಟುಕೊಂಡಿದ್ದೀರಲ್ಲ, ಸಂತೋಷ," ಎಂದು ಪೆನ್ನು ಮುಟ್ಟದೆ ಮುಂದೆ ನಡೆದೆ.

ಆಪರೇಟರನ್ನು ಸೈಟ್ ಆಫೀಸಿನ ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ಬಾಗಿಲಿಗೆ ವಾಚ್‌ಮನ್. ವರದಿ ಅವನ ವಿರುದ್ಧ ಬಂದರೆ ನಾಲ್ಕು ಗಂಟೆಗೆ ಅಲ್ಲಿಂದಲೇ ಜೀಪು ಹತ್ತಿಸುವುದಾಗಿ ಪೊಲೀಸರು ಹೇಳಿಹೋಗಿದ್ದರು. ನಲವತ್ತರ ಗಂಡಸು ಕುರ್ಚಿಯ ತುದಿಯಲ್ಲಿ ಕೂತು, ಬಲಗೈಯಿಂದ ಇಲ್ಲದ ಲಿವರನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದ. ತಾನು ಹಾಗೆ ಮಾಡುತ್ತಿರುವುದು ಅವನಿಗೇ ಗೊತ್ತಿರಲಿಲ್ಲ.

"ಮೆಟ್ಟಿಲು ಎಷ್ಟು ತೂಕ ಅಂತ ಹೇಳಿದ್ರು?"

"ಎರಡೂ ಮುಕ್ಕಾಲು ಅಂದ್ರು ಮೇಡಂ."

"ಯಾರು?"

"ಮ್ಯಾನೇಜರ್ ಸರ್ರೇ. ಮೇಲೆತ್ತುವಾಗ ಭಾರ ಅನ್ನಿಸ್ತು. ಆದ್ರೆ ಸ್ವಿಚ್ ಕಟ್ ಆಗ್ಲಿಲ್ಲ. ಕಟ್ ಆಗ್ಲಿಲ್ಲ ಅಂದ್ಮೇಲೆ ತೂಕ ಸರಿಯಾಗೇ ಇದೆ ಅಂದ್ಕೊಂಡೆ." ಅವನ ಕೈ ನಿಂತಿತು. "ಹನ್ನೊಂದು ತಿಂಗಳಲ್ಲಿ ಒಂದ್ಸಲನೂ ಕಟ್ ಆಗಿಲ್ಲ ಮೇಡಂ. ನನ್ನ ತಮ್ಮನ ಹತ್ರ ಜಂಬ ಕೊಚ್ಚಿಕೊಳ್ತಿದ್ದೆ. ನೋಡೋ, ನಿಮ್ಮಣ್ಣ ಅಳತೆ ಮೀರಿ ಎತ್ತೋನೇ ಅಲ್ಲ ಅಂತ."

ಅವನು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಗೆ ಬಂದರೆ ಸೈಟಿನ ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಅಕ್ಕ ನಿಂತಿದ್ದಳು. ಒಳಗೆ ಕೂತವನೂ ಸತ್ತವನೂ ಅವಳ ತಮ್ಮಂದಿರು. ತಾಯಿ ಇಲ್ಲದ ಇಬ್ಬರನ್ನೂ ಸಾಕಿ, ಇದೇ ಕಂಪನಿಗೆ ಸೇರಿಸಿದವಳು. ಒಬ್ಬನನ್ನು ಮಣ್ಣು ಮಾಡಿ ಎರಡನೇ ದಿನಕ್ಕೆ ಡ್ಯೂಟಿಗೆ ಬಂದಿದ್ದಳು, ಇನ್ನೊಬ್ಬ ಇಲ್ಲಿದ್ದಾನಲ್ಲ ಎಂದು.

"ಇವನನ್ನ ಬಿಡ್ತಾರಾ ಮೇಡಂ?"

"ಸ್ವಿಚ್ಚಿಗೆ ಕಟ್ಟಿರೋದು ಲಾಕ್ ವೈರ್. ಸ್ಟೋರಿಂದಾನೇ ಹೋಗಿರಬೇಕು. ಈ ಒಂದು ವರ್ಷದಲ್ಲಿ ಯಾರ್‍ಯಾರಿಗೆ ಕೊಟ್ಟಿದ್ದೀರಿ, ರಿಜಿಸ್ಟರ್‌ನಲ್ಲಿ ಹುಡುಕಿ. ಬೇಗ. ನಾನು ವರ್ಕ್‌ಶಾಪಲ್ಲಿರ್ತೀನಿ."

"ತೆಗೆದುಕೊಂಡವರು ಸಿಕ್ಕಿದ್ರೆ?"

"ಸಿಕ್ಕಿದ್ರೆ ನಿಮ್ಮ ತಮ್ಮ ಮನೆಗೆ ಬರ್ತಾನೆ. ನಾನು ಮಾತು ಕೊಡ್ತೀನಿ."

ಮಾತು ಕೊಡುವ ಚಟ ನನಗೆ ಮೊದಲಿನಿಂದಲೂ ಇದೆ. ಸ್ಟೋರ್ ಅಕ್ಕ ಓಡುತ್ತಲೇ ಹೋದಳು. ಎರಡು ಗಂಟೆ ಐವತ್ತು.

* * *

ವರ್ಕ್‌ಶಾಪಿನಲ್ಲಿ ದೊಡ್ಡಪ್ಪ ಒಬ್ಬರೇ ಇದ್ದರು. ಕೆಲಸದ ಮೇಜಿಗೆ ಒರಗಿ, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ಮುಂದೆ ಇಟ್ಟ ಟೀ ಕೆನೆಗಟ್ಟಿತ್ತು.

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನು ಟೈಪಿಸ್ಟ್ ಎಂದುಕೊಂಡು ಎಲ್ಲರೂ ಆಫೀಸಿನ ಕಡೆ ಕೈ ತೋರಿಸಿದ್ದರು. ಇವರೊಬ್ಬರೇ ಕೈಗೆ ಸ್ಪ್ಯಾನರ್ ಕೊಟ್ಟಿದ್ದರು. ನಾನು ಎಡಗೈಯಲ್ಲಿ ತೆಗೆದುಕೊಂಡಾಗ ಉಳಿದವರು ನಕ್ಕರೆ, "ಯಾವ ಕೈಯಾದ್ರೇನು, ನಟ್ಟಿಗೇನು ಕಣ್ಣಿದೆಯಾ?" ಎಂದು ಅವರ ಬಾಯಿ ಮುಚ್ಚಿಸಿದ್ದರು. ನನ್ನ ಪಾಲಿಗೆ ಅವರು ಹೆತ್ತ ಅಪ್ಪನಿಗಿಂತ ಹೆಚ್ಚು. ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಫೋನಿನಲ್ಲಿದ್ದ ಫೋಟೋ ಅವರ ಮುಖಕ್ಕೆ ಹಿಡಿದೆ.

"ಇದು ನಿಮ್ಮ ಕೆಲಸ."

ಅವರು ಫೋಟೋ ನೋಡಲಿಲ್ಲ. ನನ್ನನ್ನೇ ನೋಡಿದರು.

"ಮ್ಯಾನೇಜರ್ ಹೇಳಿದನಾ? ಸ್ವಿಚ್ ಪದೇ ಪದೇ ಕಟ್ ಆಗುತ್ತೆ, ಕೆಲಸ ನಿಧಾನ ಆಗುತ್ತೆ, ಕಟ್ಟಿಬಿಡಿ ಅಂದನಾ? ನೀವು ಕಟ್ಟಿಬಿಟ್ರಾ? ಮಾತಾಡಿ ದೊಡ್ಡಪ್ಪ!"

"ನಾನು ಕಟ್ಟಿಲ್ಲಮ್ಮಾ."

"ತುದಿ ಮಡಚಿದೆ. ಹೀಗೆ ಮಡಚೋರು ಈ ಸೈಟಲ್ಲಿ ಇನ್ಯಾರಿದ್ದಾರೆ?"

ಅವರು ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಕೈ ನಡುಗುತ್ತಿದ್ದವು. ಸುಮ್ಮನೆ ನಡುಕವಲ್ಲ, ಮೇಜಿನ ಮೇಲಿದ್ದ ವಾಷರುಗಳು ಕಿಣಿಕಿಣಿ ಎಂದವು. ಟೀ ಯಾಕೆ ಕೆನೆಗಟ್ಟಿತ್ತು ಎಂದು ಆಗ ತಿಳಿಯಿತು. ಯಾರಾದರೂ ಇರುವಾಗ ಅವರು ಲೋಟ ಎತ್ತುತ್ತಿರಲಿಲ್ಲ.

"ಒಂದೂವರೆ ವರ್ಷ ಆಯ್ತು," ಎಂದರು. "ಲಾಕ್ ವೈರ್ ಇರಲಿ, ಅಂಗಿ ಗುಂಡಿ ಹಾಕೋಕೂ ಮನೆಯವಳು ಬರಬೇಕು."

ನನ್ನ ಸಿಟ್ಟು ಹಿಡಿದುಕೊಳ್ಳಲು ಏನೂ ಸಿಗದೆ ಗಾಳಿಯಲ್ಲಿ ನೇತಾಡಿತು. ಆಮೇಲೆ ಇನ್ನೊಂದು ವಿಷಯ ಹೊಳೆಯಿತು.

"ಹಾಗಾದ್ರೆ ಏಣಿ ಹೇಗೆ ಹತ್ತಿದ್ರಿ? ತಿಂಗಳ ತಿಂಗಳ ಸ್ವಿಚ್ ಚೆಕ್ ಮಾಡಿದೀನಿ ಅಂತ ಟಿಕ್ ಹಾಕಿದ್ದೀರಲ್ಲ?"

"ಹತ್ತಿಲ್ಲ." ತಲೆ ತಗ್ಗಿಸಿದರು. "ಕೆಳಗೆ ನಿಂತೇ ಹಾಕಿದೆ. ಇನ್ನೆಂಟು ದಿನಕ್ಕೆ ರಿಟೈರ್ ಆಗ್ತೀನಿ, ಯಾರಿಗೂ ಗೊತ್ತಾಗೋದು ಬೇಡ ಅಂತ. ಹತ್ತು ಸಲ ಹತ್ತಬೇಕಿತ್ತು. ಒಂದ್ಸಲ ಹತ್ತಿದ್ದಿದ್ರೂ ಆ ಮಗು ಬದುಕಿರೋನು. ಅದು ನನ್ನ ಪಾಪ. ಅದನ್ನ ಬರಿ. ನಾನು ಬೇಡ ಅನ್ನಲ್ಲ."

ಮೂವತ್ತು ದಾಟಿದ ಗಂಡಸನ್ನು ಮಗು ಎಂದರು. ನನಗೆ ನಿಲ್ಲಲಾಗಲಿಲ್ಲ. ಬಾಗಿಲ ತನಕ ಹೋಗಿ ಬಂದೆ, ಮತ್ತೆ ಹೋಗಿ ಬಂದೆ.

"ಸರಿ, ನೀವು ಚೆಕ್ ಮಾಡಿಲ್ಲ. ಕಟ್ಟಿದ್ದು ಯಾರು?"

ದೊಡ್ಡಪ್ಪ ಡ್ರಾಯರ್ ಎಳೆದರು. ಒಂದು ಮೊಳ ಲಾಕ್ ವೈರ್, ಒಂದು ಇಕ್ಕಳ ಹೊರತೆಗೆದು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಮೇಜಿಗೆ ಬಿಗಿದಿದ್ದ ಹಳೆಯ ಗ್ರೈಂಡರಿನ ಎರಡು ಬೋಲ್ಟುಗಳನ್ನು ತೋರಿಸಿದರು.

"ಕಟ್ಟು."

"ಈಗ ಪರೀಕ್ಷೆ ಬರೆಸೋ ಹೊತ್ತಾ? ಗಂಟೆ ಎಷ್ಟಾಯ್ತು ಗೊತ್ತಾ?"

"ಕಟ್ಟಮ್ಮಾ."

ಸಿಡುಕುತ್ತಲೇ ಇಕ್ಕಳ ಎತ್ತಿಕೊಂಡೆ. ಎಳೆ ದಾಟಿಸಿ, ಜೋಡಿಸಿ, ತಿರುಚಿದೆ. ಈ ಕೆಲಸಕ್ಕೆ ತಲೆ ಬೇಕಾಗಿಲ್ಲ, ಕೈಗೇ ಗೊತ್ತು. ತುದಿ ಕತ್ತರಿಸಿ, ಒಳಕ್ಕೆ ಮಡಚಿ, ಒತ್ತಿದೆ. ಅರ್ಧ ನಿಮಿಷವೂ ಆಗಲಿಲ್ಲ.

"ಇನ್ನೊಂದು ಬೋಲ್ಟ್ ಜೋಡಿ ನೋಡು. ಅದು ನಾನು ಕಟ್ಟಿದ್ದು, ಕೈ ನೆಟ್ಟಗಿದ್ದಾಗ."

ನೋಡಿದೆ. ಅವರ ತಂತಿಯ ಎಳೆಗಳು ಬಲಕ್ಕೆ ತಿರುಗಿಕೊಂಡು ಹೋಗಿದ್ದವು. ನನ್ನವು ಎಡಕ್ಕೆ.

"ಈಗ ಫೋಟೋ ನೋಡು."

ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ಎಡಕ್ಕೆ.

ದೊಡ್ಡಪ್ಪನ ಗರಡಿಯಲ್ಲಿ ಕಲಿತವರು ನೂರು ಮಂದಿ ಇರಬಹುದು. ಅವರಲ್ಲಿ ಎಡಚಿ ನಾನೊಬ್ಬಳೇ.

ಹೊಸ ಕ್ರೇನನ್ನು ಪರೀಕ್ಷಿಸುವಾಗ ಬೇಕೆಂದೇ ಮಿತಿಗಿಂತ ಹೆಚ್ಚು ಭಾರ ತೂಗಿಸುತ್ತೇವೆ, ಅದರ ಮೈ ತಡೆಯುತ್ತದೋ ಇಲ್ಲವೋ ನೋಡಲು. ಅಷ್ಟು ಹೊತ್ತು ಆ ಸ್ವಿಚ್ಚು ಅಡ್ಡ ಬರಬಾರದು. ಅದಕ್ಕೆ ಕಟ್ಟುತ್ತೇವೆ. ಪರೀಕ್ಷೆ ಮುಗಿದ ಕೂಡಲೇ, ಕಟ್ಟಿದವರೇ ಬಿಚ್ಚುತ್ತೇವೆ. ವರ್ಷಕ್ಕೆ ನಲವತ್ತು ಕ್ರೇನು. ನಲವತ್ತು ಸಲ ಕಟ್ಟಿ ನಲವತ್ತು ಸಲ ಬಿಚ್ಚಿದ್ದೇನೆ.

ಈ ಕ್ರೇನಿನ ಪರೀಕ್ಷೆಯ ದಿನ ಭಾರ ಇಳಿಸಿದ ಕೂಡಲೇ ವಾಕಿಟಾಕಿ ಕೂಗಿತ್ತು. ದೊಡ್ಡ ಸಾಹೇಬರು ಬಂದು ಕೂತಿದ್ದಾರೆ, ಸರ್ಟಿಫಿಕೇಟ್ ಈಗಲೇ ಬೇಕು, ಇಳಿದು ಬನ್ನಿ ಮೇಡಂ. ಇಳಿದೆ. ಸಹಿ ಹಾಕಿ ಮತ್ತೆ ಹತ್ತಿದರಾಯಿತು ಎಂದುಕೊಂಡೆ. ಸಹಿ ಹಾಕಿದೆ. ಯಾರೋ ಕೈಕುಲುಕಿದರು. ಕಾರು ಬಂತು. ಇನ್ನೊಂದು ಸೈಟು ಕಾಯುತ್ತಿತ್ತು.

ಹತ್ತಲಿಲ್ಲ. ನಾನು ಮತ್ತೆ ಹತ್ತಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದೆ.

"ಅಪಘಾತ ಆದ ದಿನಾನೇ. ಮ್ಯಾನೇಜರ್ ಫೋಟೋ ತಂದು ತೋರಿಸಿ, ಇದು ಯಾರ ಕೈ ದೊಡ್ಡಪ್ಪ ಅಂತ ಕೇಳಿದ. ಬಾಯಿ ತಪ್ಪಿ ಅಂದುಬಿಟ್ಟೆ, ಎಡಗೈ ಅಂತ. ಅವತ್ತೇ ಹೆಡ್ ಆಫೀಸಿಗೆ ಫೋನ್ ಹೋಯ್ತು. ನಿನ್ನನ್ನೇ ಕಳಿಸಬೇಕು ಅಂತ."

ಆ ಪ್ರೀತಿ ಎಲ್ಲಿಂದ ಉಕ್ಕಿತು ಎಂಬುದು ಈಗ ತಿಳಿಯಿತು. ತೂಕ ಸುಳ್ಳು ಹೇಳಿದವನು ಅವನು. ಬಾಯಿ ಬಿಟ್ಟರೆ ತಾನೂ ಮುಳುಗುವಂಥ ತನಿಖಾಧಿಕಾರಿ ಅವನಿಗೆ ಬೇಕಾಗಿತ್ತು. ಸಿಕ್ಕಿದ್ದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನೇ ನೋಡ್ತೀಯ ಅಂದ್ಕೊಂಡೆ." ಅವರು ಕೈಗಳನ್ನು ಮತ್ತೆ ಜೇಬಿಗೆ ಸೇರಿಸಿದರು. "ನೋಡದೇ ಹೋದ್ರೆ ಸಾಕಪ್ಪಾ ಅಂತಾನೂ ಅಂದ್ಕೊಂಡೆ."

* * *

"ಮೇಡಂ! ಸಿಕ್ತು!"

ಸ್ಟೋರ್ ಅಕ್ಕ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದಳು. ಎದೆಗೆ ಅವಚಿಕೊಂಡಿದ್ದ ರಿಜಿಸ್ಟರನ್ನು ತಂದು ಮೇಜಿನ ಮೇಲೆ ಬಿಡಿಸಿದಳು. ಅವಳ ಹಿಂದೆಯೇ ಮ್ಯಾನೇಜರ್ ಫೈಲು ಹಿಡಿದು ಒಳಗೆ ಬಂದ. ನಾನು ಗ್ರೈಂಡರಿಗೆ ಮೈ ಅಡ್ಡ ಇಟ್ಟು, ಆಗಷ್ಟೇ ಕಟ್ಟಿದ ತಂತಿಯನ್ನು ಮರೆಮಾಡಿ ನಿಂತೆ. ನಾಚಿಕೆಯಾಯಿತು. ಆದರೂ ಸರಿಯಲಿಲ್ಲ.

"ವರ್ಷದಲ್ಲಿ ಒಂದೇ ಸಲ ಲಾಕ್ ವೈರ್ ಹೋಗಿರೋದು. ಕ್ರೇನ್ ನಿಲ್ಲಿಸಿದ ವಾರ. ಅವತ್ತು ನಾನು ರಜದಲ್ಲಿದ್ದೆ, ಬೇರೆಯವರು ಕೊಟ್ಟಿದ್ದಾರೆ. ಹೆಸರು ಬರೆದಿಲ್ಲ, ಬರೀ ಸಹಿ. ಓದೋಕೆ ಆಗ್ತಿಲ್ಲ." ಅವಳ ಬೆರಳು ಸಾಲಿನ ಮೇಲೆ ನಿಂತಿತು. "ಒಂದು ಮಾತ್ರ ಹೇಳಬಲ್ಲೆ ಮೇಡಂ. ಬರೆದವರು ಎಡಚರು. ಅಕ್ಷರ ಎಲ್ಲಾ ಹಿಂದಕ್ಕೆ ವಾಲಿದೆ. ನನ್ನ ಸಣ್ಣ ತಮ್ಮ ಎಡಚ, ಅವನು ಬರೆದ್ರೂ ಹೀಗೇ ವಾಲೋದು."

ಮ್ಯಾನೇಜರ್ ಬಗ್ಗಿ ಆ ಸಾಲು ನೋಡಿದ. ಆಮೇಲೆ ಅವನ ಮುಖದಲ್ಲಿ ಬೆಳಕು ಬಂತು.

"ಹಾಗಾದ್ರೆ ಮುಗೀತಲ್ಲ!" ಎಂದ. "ಸ್ವಿಚ್ ಕಟ್ಟಿದ್ದು ನಿಮ್ಮ ಸಣ್ಣ ತಮ್ಮನೇ. ಅಣ್ಣನಿಗೆ ಅನುಕೂಲ ಆಗ್ಲಿ ಅಂತ ಕಟ್ಟಿರ್ತಾನೆ, ಪಾಪ. ಸತ್ತವನ ಮೇಲೆ ಯಾರು ಕೇಸ್ ಹಾಕ್ತಾರೆ? ದೊಡ್ಡವನು ಇವತ್ತೇ ಮನೆಗೆ ಬರ್ತಾನೆ. ಒಂದು ಸಾಲು ತಿದ್ದಿದ್ರೆ ಆಯ್ತು. ಅಲ್ವಾ ಮೇಡಂ?"

ಅಲ್ವಾ ಎನ್ನುವಾಗ ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ.

ಗೇಟಿನ ಹತ್ತಿರ ಜೀಪು ನಿಂತ ಸದ್ದಾಯಿತು. ಮೂರೂ ಮುಕ್ಕಾಲು. ಕಾಲು ಗಂಟೆ ಮೊದಲೇ ಬಂದಿದ್ದರು.

ಸ್ಟೋರ್ ಅಕ್ಕ ರಿಜಿಸ್ಟರಿನಿಂದ ಕೈ ತೆಗೆಯಲಿಲ್ಲ.

"ಅವನ ಹೆಸರು ಬರೆದ್ರೆ ಇವನನ್ನ ಬಿಡ್ತಾರೆ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ನನ್ನ ಕಡೆ ತಿರುಗಿದಳು. "ನನಗೆ ಇದೆಲ್ಲ ತಿಳಿಯಲ್ಲ ಮೇಡಂ. ನೀವು ಹೇಳಿ. ನಿಜವಾಗ್ಲೂ ನನ್ನ ತಮ್ಮನೇ ಕಟ್ಟಿದ್ದಾ? ನೀವು ಹೌದು ಅಂದ್ರೆ ನಂಬ್ತೀನಿ."

ಮ್ಯಾನೇಜರ್ ಫೈಲು ಬಿಚ್ಚಿ ರಿಜಿಸ್ಟರಿನ ಪಕ್ಕ ಇಟ್ಟ. ಪೆನ್ನನ್ನು ಮೇಜಿನ ನಡುವೆ, ಸರಿಯಾಗಿ ನನ್ನ ಎದುರಿಗೆ ಇಟ್ಟ. ಈ ಸಲ ಯಾವ ಕಡೆಯಿಂದಲೂ ಚಾಚಲಿಲ್ಲ. ಹೊರಗೆ ಬೂಟುಗಳ ಸದ್ದು ಹತ್ತಿರವಾಗುತ್ತಿತ್ತು.

ಏನು ಬರೆಯಬೇಕೆಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ದೇವರಾಣೆಗೂ ತೀರ್ಮಾನಿಸಿರಲಿಲ್ಲ. ಆದರೆ ಕೈ ನನ್ನನ್ನು ಕೇಳಲಿಲ್ಲ. ಅದು ತಾನೇ ಮುಂದೆ ಹೋಗಿ ಪೆನ್ನು ಎತ್ತಿಕೊಂಡಿತು.

ಸ್ಟೋರ್ ಅಕ್ಕ ಆ ಎಡಗೈಯನ್ನು ನೋಡಿದಳು. ಆಮೇಲೆ ರಿಜಿಸ್ಟರಿನ ಸಹಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನ ಮುಖ ನೋಡಿದಳು.